ಎರೆ ನೆಲಕ್ಕೆ ನಾನು ಕೊಟ್ಟ ಯೋಗ್ಯತಾಪತ್ರ

ನೆಲವನ್ನು ಒಮ್ಮೆ ನೋಡಿದರೆ ಸಾಕು, ಅದರ ಜಾತಕವನ್ನೇ ಹೇಳಬಲ್ಲೆ ಎಂಬ ಧೈರ್ಯ ನನಗೆ ಆಗ ಇತ್ತು. ಅಲ್ಲಿಯವರೆಗೆ ನಾನು ಯಾವ ನೆಲವನ್ನೂ ನೋಡಿರಲಿಲ್ಲ, ಆ ಮಾತು ಬೇರೆ! ಬಳ್ಳಾರಿಯ ಕಚೇರಿಯೊಂದರಲ್ಲಿ ಹನ್ನೆರಡು ವರ್ಷ ಕಾಗದ ನಕಲು ಮಾಡಿದ ಗುಮಾಸ್ತ ನಾನು. ಅಕ್ಷರಗಳು ಮುತ್ತಿನಂತಿದ್ದವು. ತಲೆಯ ವಿಷಯ ಯಾರೂ ವಿಚಾರಿಸಿರಲಿಲ್ಲ.

ಕುರುಗೋಡಿನ ಆಚೆ ಒಂದು ಹಳ್ಳಿ. ಹೆಸರು ಹೇಳುವುದಿಲ್ಲ, ಅಲ್ಲಿಯವರು ನನ್ನನ್ನು ಇನ್ನೂ ಮರೆತಿಲ್ಲ. ಊರ ಹೊರಗೆ, ಹಳ್ಳದ ದಂಡೆಯಲ್ಲಿ, ಊರಿನವರು ಮುಟ್ಟಿಸಿಕೊಳ್ಳದವರ ಹದಿನೆಂಟು ಮನೆಗಳ ಕೇರಿ. ಮಳೆಗಾಲ ಬಂತೆಂದರೆ ಹಳ್ಳ ತುಂಬಿ ಮನೆಯೊಳಗೆ ಬರುತ್ತಿತ್ತು. ಆ ವರ್ಷ ಗೋಡೆ ಬಿದ್ದು ಕೇರಿಯ ಹಿರಿಯ ಮಾರೆಪ್ಪನ ಹೆಂಡತಿ ಸತ್ತಳು. ಊರಂಚಿನ ಗರಸಿನ, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣಿನ, ದಿಬ್ಬದ ಮೇಲೆ ಮನೆ ಕಟ್ಟಿಕೊಳ್ಳಲು ಜಾಗ ಕೊಡಿ ಎಂದು ಅವರು ಅರ್ಜಿ ಹಾಕಿದರು. ಕಚೇರಿಯವರು ದಿಬ್ಬದ ಜೊತೆಗೆ ದಾರಿಯ ಪಕ್ಕದ ಕಪ್ಪು ಜಿಗುಟು ಮಣ್ಣಿನ ಎರೆ ಬಯಲನ್ನೂ ಸೇರಿಸಿ, ಎರಡರಲ್ಲಿ ಯಾವುದು ವಾಸಕ್ಕೆ ಯೋಗ್ಯ ಎಂದು ನೋಡಿ ಬರೆಯಲು ನನ್ನನ್ನು ಅಟ್ಟಿದರು. ಹೋಗಬೇಕಾಗಿದ್ದವರಿಗೆ ಚಳಿಜ್ವರ ಬಂದಿತ್ತು. ಕೇರಿಯವರಿಗೆ ನಾನು ಬಂದೆ.

ಬುತ್ತಿ ಕಟ್ಟುತ್ತಾ ಹೆಂಡತಿ ರುಕ್ಮಿಣಿ ಹೇಳಿದಳು: "ಎರಿ ಜಾಗಾ ಮಾತ್ರ ಬರೀಬ್ಯಾಡ್ರಿ. ನಮ್ಮ ಸಿರುಗುಪ್ಪದ ಕಡೆ ಎರಿ ಹೊಲದಾಗ ದನದ ಕೊಟ್ಟಿಗಿ ಸೈತ ಕಟ್ಟಂಗಿಲ್ಲ."

"ಸರ್ಕಾರದ ಕೆಲಸಕ್ಕ ನೀ ಒಗ್ಗರಣಿ ಹಾಕಬ್ಯಾಡ. ನಾ ಶಾಸ್ತ್ರ ಓದೀನಿ."

"ನೀವು ಓದೀರಿ. ಆ ನೆಲಾ ಓದ್ಯದೇನು?"

ಹೆಂಗಸರಿಗೆ ಉತ್ತರ ಕೊಡುವುದು ನನ್ನ ಪದವಿಗೆ ತಕ್ಕದ್ದಲ್ಲವೆಂದು ಗಾಡಿ ಹತ್ತಿದೆ. ಉತ್ತರ ಹೊಳೆದಿರಲೂ ಇಲ್ಲ.

ಆಶ್ವಯುಜ ಮಾಸ, ಮಳೆ ಬಿಟ್ಟು ಎರಡು ದಿನವಾಗಿತ್ತು. ಎರೆ ಬಯಲಿಗೆ ಇಳಿದ ನನ್ನ ಎತ್ತಿನ ಗಾಡಿ ಹತ್ತು ಮಾರು ಹೋಗಿ ಅಚ್ಚಿನವರೆಗೆ ಹೂತು ನಿಂತಿತು. ಕೆಳಗಿಳಿದೆ. ಎಡಗಾಲಿನ ಜೋಡು ಮಣ್ಣಿನೊಳಗೇ ಉಳಿದು ಕಾಲು ಮಾತ್ರ ಮೇಲೆ ಬಂತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಅರ್ಥ ಮಾಡಿಕೊಳ್ಳುತ್ತಿದ್ದರು. ನಾನು, "ಆಹಾ, ಏನು ಸತ್ವ ಈ ಮಣ್ಣಿನಲ್ಲಿ!" ಎಂದುಕೊಂಡೆ.

ಮಾರೆಪ್ಪ ಮತ್ತು ಕೇರಿಯವರು ದೂರದಲ್ಲಿ ಬಿಸಿಲಿಗೆ ನಿಂತಿದ್ದರು. ಹತ್ತಿರ ಬರಬೇಡಿ ಎಂದು ಹೇಳಿದವನು ನಾನೇ, ನನಗೆ ಮಡಿ. ಆದರೆ ಗಾಡಿ ಎತ್ತಲು ಅವರೇ ಬೇಕಲ್ಲ! ನಾನು ದೂರ ಹೋಗಿ ನಿಂತೆ, ಅವರು ಬಂದು ಎತ್ತಿದರು. ಅವರು ದೂರ ಹೋದರು, ನಾನು ಗಾಡಿಯ ಹತ್ತಿರ ಬಂದೆ. ಅರ್ಧ ದಿನ ಈ ಆಟದಲ್ಲೇ ಕಳೆಯಿತು. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಹಸಿವಾಗಿತ್ತು ಅಷ್ಟೆ.

"ಸ್ವಾಮೇರ, ಗಾಲಿನ ಬಿಡವಲ್ದು ಈ ನೆಲ, ಗೋಡಿ ಬಿಟ್ಟೀತೇನ್ರಿ?" ಮಾರೆಪ್ಪ ನಿಂತಲ್ಲಿಂದಲೇ ಕೂಗಿದ. "ಬ್ಯಾಸಗ್ಯಾಗ ಬಾಯಿ ಬಿಡತೈತಿ, ಮಳಿಗೆ ಉಬ್ಬತೈತಿ. ನಮಗ ದಿಬ್ಬಾನ ಕೊಡ್ರಿ."

"ತಡಿಯೋ, ಶಾಸ್ತ್ರ ಹೇಳಿದಂಗ ನೋಡೋಣ," ಎಂದೆ.

ನಮ್ಮ ಅಜ್ಜ ಹೇಳಿಕೊಟ್ಟ ಪರೀಕ್ಷೆ ಅದು. ಮನೆ ಕಟ್ಟುವ ಜಾಗದಲ್ಲಿ ಮೊಳದಾಳದ ಗುಂಡಿ ತೋಡಿ ಸಂಜೆ ನೀರು ತುಂಬಬೇಕು. ಬೆಳಿಗ್ಗೆ ನೀರು ನಿಂತಿದ್ದರೆ ಜಾಗ ಉತ್ತಮ, ಇಂಗಿದ್ದರೆ ಅಧಮ. ಎರಡೂ ಕಡೆ ಗುಂಡಿ ತೋಡಿದವನು ಮಾರೆಪ್ಪ. ಊರ ಬಾವಿ ಅವರು ಮುಟ್ಟುವಂತಿರಲಿಲ್ಲ. ಹಳ್ಳದಿಂದ ನೀರು ಹೊತ್ತವರು ಕೇರಿಯ ಹೆಂಗಸರು. ಬೇವಿನ ಮರದ ನೆರಳಲ್ಲಿ ಕುಳಿತು ಬೆರಳು ತೋರಿಸುವ ಕಷ್ಟದ ಕೆಲಸ ನನ್ನದು. ದಿಬ್ಬದ ಗುಂಡಿ ನೀರನ್ನು ಗಟಗಟನೆ ಕುಡಿದುಬಿಟ್ಟಿತು. ಎರೆ ನೆಲದ ಗುಂಡಿಯಲ್ಲಿ ಮರುದಿನ ಬೆಳಿಗ್ಗೆಯೂ ನೀರು ಹಾಗೆಯೇ ಇತ್ತು. ಒಂದು ಕಪ್ಪೆ ಆಗಲೇ ವಾಸಕ್ಕೆ ಬಂದಿತ್ತು!

ಮಾರೆಪ್ಪ ಗುಂಡಿಯನ್ನು ನೋಡಿ ಮೆಲ್ಲಗೆ ಹೇಳಿದ: "ನೀರು ನಿಂದ್ರೋ ಜಾಗಾ ಬ್ಯಾಡಂತನ ಸ್ವಾಮೇರ, ನಾವು ಅರ್ಜಿ ಹಾಕಿದ್ದು."

"ನಿನಗ ಇದೆಲ್ಲಾ ತಿಳಿಯಂಗಿಲ್ಲ ಬಿಡು," ಎಂದೆ.

ವರದಿ ಬರೆದೆ. "ಸದರಿ ಎರೆ ಬಯಲು ಸಮತಟ್ಟಾಗಿಯೂ, ಜಲಸಮೃದ್ಧವಾಗಿಯೂ, ದಾರಿಗೆ ಸಮೀಪವಾಗಿಯೂ ಇದ್ದು ವಾಸಕ್ಕೆ ಸರ್ವವಿಧದಲ್ಲಿ ಯೋಗ್ಯವಾಗಿರುತ್ತದೆ. ಗರಸಿನ ದಿಬ್ಬವು ಪರೀಕ್ಷೆಯಲ್ಲಿ ಅಯೋಗ್ಯವೆಂದು ರುಜುವಾತಾಗಿರುತ್ತದೆ." ಕಚೇರಿಯ ದೊರೆಗಳು ಮೆಚ್ಚಿದರು. ನಾನಂತೂ ಅದನ್ನು ಮೂರು ಸಲ ಓದಿ ಮೂರು ಸಲವೂ ಮೆಚ್ಚಿದೆ!

ಎರೆ ಬಯಲೇ ಮಂಜೂರಾಯಿತು. ಕೇರಿಯವರು ಚಳಿಗಾಲದಲ್ಲಿ ಮಣ್ಣು ತುಳಿದರು, ಬೇಸಿಗೆಯಲ್ಲಿ ಗೋಡೆ ಎಬ್ಬಿಸಿದರು. ಶ್ರಾವಣದಲ್ಲಿ ಮಳೆ ಹಿಡಿಯಿತು. ಮನೆಗಳು ಬೀಳುತ್ತಿವೆ ಎಂದು ಹಳ್ಳಿಯ ಲೆಕ್ಕಪತ್ರ ನೋಡುವ ಕರಣಂ ಬರೆದ ಕಾಗದ ಬಂದೊಡನೆ ಓಡಿದೆ. ಹದಿನೆಂಟು ಮನೆಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಕೆಲವು ಕುಸಿದಿದ್ದವು, ಉಳಿದವುಗಳ ಬಿರುಕಿನಲ್ಲಿ ನನ್ನ ತೋಳು ಹೋಗುತ್ತಿತ್ತು. ನಾನು ನೇರ ಮಾರೆಪ್ಪನ ಹತ್ತಿರ ನಡೆದೆ. ಮಡಿಯ ನೆನಪು ನನಗಿರಲಿಲ್ಲ. ಅವನಿಗೆ ಇತ್ತು, ಎರಡು ಹೆಜ್ಜೆ ಹಿಂದೆ ಸರಿದ.

"ಸಪ್ಪಳ ಕೇಳಿ ಎಲ್ಲಾರೂ ಹೊರಗ ಬಂದ್ವಿರಿ. ಯಾರಿಗೂ ಏನೂ ಆಗಿಲ್ಲ," ಎಂದ. "ಈಗರ ದಿಬ್ಬಾ ಬರಕೊಡ್ರಿ."

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ.

ಬಳ್ಳಾರಿಗೆ ಬಂದು ಅಲಂಕಾರ ಬಿಟ್ಟು ಕಂಡದ್ದನ್ನು ಬರೆದೆ: ಎರೆ ನೆಲ ಬೇಡ, ದಿಬ್ಬ ಕೊಡಿ, ತಪ್ಪು ನನ್ನದು. ತಿಂಗಳಾದ ಮೇಲೆ ಮೇಲಿನವರ ಉತ್ತರ ಬಂತು. ಮನೆಗೆ ತಂದು ರುಕ್ಮಿಣಿಗೆ ಓದಿದೆ.

"ದಿಬ್ಬವು ಅಯೋಗ್ಯವೆಂದು ಈ ಮೊದಲೇ ರುಜುವಾತಾಗಿರುತ್ತದೆ. ಹಿಂದೆ ವರದಿ ಮಾಡಿದವರು ಶಾಸ್ತ್ರ ಬಲ್ಲವರೆಂದು ಕಾಣುತ್ತದೆ. ಈಗ ವರದಿ ಮಾಡಿದವರು ಯಾವ ಪರೀಕ್ಷೆಯನ್ನೂ ನಡೆಸಿದಂತಿಲ್ಲ. ಅರ್ಜಿ ವಜಾ."

ರುಕ್ಮಿಣಿ ನಗಲಿಲ್ಲ. "ಮಾರೆಪ್ಪನ ಮಂದಿ ಈಗ ಎಲ್ಲಿದ್ದಾರ್ರಿ?" ಎಂದಳು.

"ತಿರುಗಿ ಹಳ್ಳದ ದಂಡಿಗೇ ಹೋಗ್ಯಾರ."

ಮೊದಲಿನ ವರದಿಯಲ್ಲಿ ಒಂದಾದರೂ ತಪ್ಪು ಹಿಡಿದು ಅದನ್ನು ಬೀಳಿಸೋಣವೆಂದು ಮೂರು ದಿನ ಕಚೇರಿಯಲ್ಲಿ ಕುಳಿತು ತಿರುವಿ ಹಾಕಿದೆ. ಒಂದು ಕೊಂಬು, ಒಂದು ದೀರ್ಘ ಸಹ ತಪ್ಪಿರಲಿಲ್ಲ. ಆ ಎರೆ ನೆಲದ ಮೇಲೆ ನಾನು ಕಟ್ಟಿದ್ದು ಆ ವರದಿಯೊಂದೇ. ಇವತ್ತಿಗೂ ಬಿದ್ದಿಲ್ಲ!