ಮಾವನ ಸೊಂಟದ ಹಾವು

ನಮ್ಮ ಬಳ್ಳಾರಿ ಕಡೆ ಜನ ರೋಗಿಯನ್ನು ನೋಡಲು ಬರುವುದಿಲ್ಲ, ರೋಗವನ್ನು ನೋಡಲು ಬರುತ್ತಾರೆ. ರೋಗಿ ಅಲ್ಲೇ ಇದ್ದರೆ ಅವನನ್ನೂ ಒಂದು ಮಾತು ಮಾತಾಡಿಸುತ್ತಾರೆ. ಕಾಲು ಮುರಿದವನ ಮನೆಯಲ್ಲಿ ಎಕ್ಸ್‌ರೇ ಕೇಳುತ್ತಾರೆ. ಆಪರೇಷನ್ ಆದವನಿಗೆ ಹೊಲಿಗೆ ತೋರಿಸು ಅನ್ನುತ್ತಾರೆ. ನಮ್ಮ ಓಣಿಯಲ್ಲೊಬ್ಬರು ಮೂತ್ರಕೋಶದಿಂದ ತೆಗೆಸಿದ ಕಲ್ಲನ್ನು ಕುಂಕುಮದ ಭರಣಿಯಲ್ಲಿಟ್ಟುಕೊಂಡಿದ್ದಾರೆ, ಬಂದವರಿಗೆ ಚಹಾದ ಜೊತೆ ತೋರಿಸುತ್ತಾರೆ. ಇಂಥವು ವರ್ಷವಿಡೀ ಆಗುತ್ತಲೇ ಇರುತ್ತವೆ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು, ದೂರ ನಿಂತು ನೋಡುವುದು ರೂಢಿಯಾಗಿತ್ತು. ಬಾದನಹಟ್ಟಿಯ ನನ್ನ ಸೋದರಮಾವನಿಗೆ ಸರ್ಪಸುತ್ತು ಆದಾಗ ಮಾತ್ರ ಹತ್ತಿರ ಹೋಗಬೇಕಾಯಿತು.

ಅಂಗಿ ಎತ್ತು

ಸರ್ಪಸುತ್ತು ಅಂದರೆ ಸೊಂಟದ ಮೇಲೆ ಸಾಲಾಗಿ ಗುಳ್ಳೆ ಏಳುವ ಬೇನೆ. ಆ ಜಾಗವೆಲ್ಲ ಬೆಂಕಿ ಬಿದ್ದ ಹಾಗೆ ಉರಿಯುತ್ತದೆ, ಕೆಲವು ವಾರ ಕಾಡಿ ಹೋಗುತ್ತದೆ. ಊರಿನವರ ಲೆಕ್ಕ ಬೇರೆ. ಅದು ಹಾವು, ಸೊಂಟವನ್ನು ಸುತ್ತುತ್ತಾ ಹೋಗುತ್ತದೆ, ತಲೆ ಬಾಲ ಕೂಡಿದ ದಿನ ಮನುಷ್ಯ ಸಾಯುತ್ತಾನೆ.

ನಾನು ಹೋದಾಗ ಮಾವ ಪಡಸಾಲೆಯಲ್ಲಿ ಮಂಚದ ಮೇಲೆ ಕೂತಿದ್ದ. ಬಂದವರೆಲ್ಲ ಚಪ್ಪಲಿ ಬಿಟ್ಟು ಒಳಗೆ ಬಂದು, ಹೆಂಗದೀ ಅಂತ ಕೂಡ ಕೇಳದೆ, "ಅಂಗಿ ಎತ್ತಪಾ" ಅನ್ನುತ್ತಿದ್ದರು. ಮಾವ ಎತ್ತುತ್ತಿದ್ದ. ಗುಳ್ಳೆಯ ಸಾಲು ಎಡಗಡೆ ಹೊಕ್ಕುಳ ಹತ್ತಿರದಿಂದ ಬೆನ್ನಿನ ನಡುವಿನವರೆಗೆ ಇತ್ತು. ಎಲ್ಲರೂ ಗೇಣು ಹಾಕಿ, ಬಲಗಡೆ ಇನ್ನೆಷ್ಟು ಉಳಿದಿದೆ ಎಂದು ಅಳೆಯುತ್ತಿದ್ದರು.

"ಏನ್ ಗೌಡಾ, ನಿನ್ನೆಕ್ಕಿಂತ ಮುಂದ ಸರದೈತಿ."

"ನಿನ್ನೆ ಅಳದಾಂವ ನಮ್ಮ ಕಾಕಾ. ಅವನ ಕೈ ಸಣ್ಣದೈತಿ," ಅಂದ ಪಕ್ಕದಲ್ಲಿದ್ದ ಗೌಡ.

ನಾನು ತಿಳಿಸಿ ಹೇಳಿದೆ. ಇದು ನರದ ಬೇನೆ, ಮೈಯ ಒಂದೇ ಮಗ್ಗುಲಿಗೆ ಬರುತ್ತದೆ, ನಡುಬೆನ್ನು ದಾಟಿ ಆ ಕಡೆ ಹೋಗುವುದಿಲ್ಲ, ತಲೆ ಬಾಲ ಕೂಡುವ ಪ್ರಶ್ನೆಯೇ ಇಲ್ಲ. ಮಾವನ ಅಕ್ಕ, ನನ್ನ ದೊಡ್ಡವ್ವ, ಪೂರ್ತಿ ಕೇಳಿಸಿಕೊಂಡಳು. ಅತ್ತೆ ತೀರಿಕೊಂಡ ಮೇಲೆ ಆ ಮನೆಯ ಆಡಳಿತವೆಲ್ಲ ಅವಳದೇ.

"ನಡು ಎಲ್ಲೈತಿ ಅಂತ ಹಾವಿಗೆ ಹೆಂಗ ಗೊತ್ತಾಕ್ಕೈತಪಾ?" ಅಂದಳು. ಪಡಸಾಲೆ ತಲೆದೂಗಿತು. ಆಮೇಲೆ ಅವಳೇ ಸಮಾಧಾನದ ದನಿಯಲ್ಲಿ ಕೇಳಿದಳು: "ಪ್ರಾಣಿ ಬಗ್ಗೇನ ಓದೀಯಂತಲ್ಲ. ನೋಡಿ ಹೇಳು, ಇದು ಗಂಡ ಐತೋ ಹೆಣ್ಣ ಐತೋ?"

ಒಂದೊಂದೇ ನೋಡೋಣ

ಎಲ್ಲರೂ ಸೊಂಟ ನೋಡುತ್ತಿದ್ದಾಗ ನನಗೊಂದು ವಾಸನೆ ಬಂತು. ಮಾವನ ಕಾಲ ಮೇಲೆ ಕಂಬಳಿ ಹೊದಿಸಿದ್ದರು. ತೆಗೆದೆ. ಬಲಗಾಲಿನ ಹೆಬ್ಬೆರಳಿಗೆ ಹಳೇ ಪಂಚೆಯ ಚೂರು ಸುತ್ತಿತ್ತು. ಬಿಚ್ಚಿದರೆ ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು, ಉಗುರಿನ ಬುಡದಲ್ಲಿ ಕೀವು.

"ಇದೇನು ಮಾವಾ?"

"ಜಾಲಿಮುಳ್ಳು ಚುಚ್ಚಿತ್ತು. ನೋವಿಲ್ಲ ಬಿಡು."

ನೋವಿಲ್ಲ ಅನ್ನುವುದೇ ಹೆದರಬೇಕಾದ ಮಾತು. ಮಾವನಿಗೆ ಸಕ್ಕರೆ ಕಾಯಿಲೆ ಇದೆ, ಕಾಲಿಗೆ ಸ್ಪರ್ಶ ಸತ್ತು ವರ್ಷಗಳಾಗಿವೆ. ಇವತ್ತೇ ಬಳ್ಳಾರಿ ಆಸ್ಪತ್ರೆಗೆ ನಡೀರಿ, ತಡಮಾಡಿದರೆ ಪಾದ ಹೋಗುತ್ತದೆ, ಇನ್ನೂ ತಡಮಾಡಿದರೆ ಮನುಷ್ಯನೇ ಹೋಗುತ್ತಾನೆ ಅಂದೆ. ಯಾರೂ ಬೆರಳಿನ ಕಡೆ ಎರಡನೇ ಸಲ ನೋಡಲಿಲ್ಲ. ಕೊಳೆತ ಬೆರಳು ಎಲ್ಲರ ಮನೆಯಲ್ಲೂ ಇರುವಂಥದ್ದು, ಅದರಲ್ಲಿ ನೋಡುವಂಥದ್ದೇನೂ ಇಲ್ಲ.

ಮಾವನ ಮಗನನ್ನು ಹೊರಗೆ ಕರೆದು ಹೇಳಿದೆ. ಅವನು ಓದಿದವನು, ಕುರುಗೋಡಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ.

"ನೀ ಹೇಳೋದು ಖರೇ ಐತಿ ಭಾವಾ," ಅಂದ. "ಆದ್ರ ಈಗ ಮೈಯಾಗ ಹಾವೈತಿ. ಅದು ಇಳೀಲಿ, ಆಮ್ಯಾಲ ಬೆರಳು ನೋಡೋಣು. ಎರಡೂ ಒಮ್ಮೆಲೆ ಹಚಗೊಂಡ್ರ ಗೊಂದಲ ಆಕ್ಕೈತಿ."

ಸಿರುಗುಪ್ಪದ ಚಿಕ್ಕಮ್ಮ

ಸಿರುಗುಪ್ಪದಲ್ಲಿ ನಮಗೊಬ್ಬರು ದೂರದ ಚಿಕ್ಕಮ್ಮ ಇದ್ದಾರೆ. ಬಳಗದಲ್ಲಿ ಯಾರೇ ಮಲಗಿದರೂ ಮೊದಲ ಬಸ್ಸಿಗೆ ಬರುತ್ತಾರೆ. ಅವರು ಬಂದು ಹೋದ ಮೇಲೆ ಬದುಕಿದವರೂ ಇದ್ದಾರೆ ಅನ್ನುತ್ತಾರೆ, ನನಗೆ ಪರಿಚಯವಿಲ್ಲ.

ಮಾವನಿಗೆ ಅಂತ ಬಾಳೆಹಣ್ಣು, ಬೂಂದಿ ಲಾಡು, ಗ್ಲೂಕೋಸ್ ಬಿಸ್ಕತ್ತು ತಂದಿದ್ದರು. ಸಕ್ಕರೆ ಕಾಯಿಲೆಯವನಿಗೆ ಇದಕ್ಕಿಂತ ಕೆಟ್ಟದ್ದನ್ನು ಆರಿಸಬೇಕಾದರೆ ಪರಿಶ್ರಮ ಬೇಕು. ಅಂಗಿ ಎತ್ತಿಸಿ ನೋಡಿ, ಲಾಡು ಮುರಿದು ಮಾವನ ಬಾಯಿಗಿಟ್ಟು, ಮಾತು ಶುರು ಮಾಡಿದರು.

"ನಮ್ಮ ಭಾವನವ್ರಿಗೂ ಹಿಂಗ ಆಗಿತ್ತು. ಇದಕ್ಕಿಂತ ಸಣ್ಣದಿತ್ತು."

"ಆಮ್ಯಾಲ?" ಮಾವ ಲಾಡು ನುಂಗದೆ ಕೇಳಿದ.

"ಆಮ್ಯಾಲ ಏನು, ಗುರುವಾರ ಹೋದ್ರು."

ಮಾವನ ಮುಖದಲ್ಲಿ ಇದ್ದಬದ್ದ ಬಣ್ಣವೂ ಇಳಿಯಿತು. ನನಗೆ ತಡೆಯಲಾಗಲಿಲ್ಲ. "ಚಿಗವ್ವಾ, ನಿಮ್ಮ ಭಾವನವ್ರು ಟ್ರ್ಯಾಕ್ಟರ್ ಹಾಯ್ದು ತೀರ್ಕೊಂಡಿದ್ದಲ್ಲೇನ್ರಿ?"

ಚಿಕ್ಕಮ್ಮ ನನ್ನನ್ನು ಕನಿಕರದಿಂದ ನೋಡಿದರು. "ಹೌದಪಾ. ಮೈಯಾಗ ಹಾವಿದ್ದಾಂವ ಟ್ರ್ಯಾಕ್ಟರ್ ಬಂದ್ರ ಹೆಂಗ ಸರೀತಾನ?"

ಎದುರು ಹಾವು

ನಾನು ಬಳ್ಳಾರಿಗೆ ವಾಪಸಾದೆ. ಇವತ್ತು ಕರಕೊಂಡು ಬರ್ತೀವಿ, ನಾಳೆ ಬರ್ತೀವಿ ಅಂತ ಫೋನಿನಲ್ಲಿ ಹೇಳುತ್ತಲೇ ಇದ್ದರು. ಬದಲಿಗೆ ರಾರಾವಿಯಿಂದ ಹಾವು ಬರೆಯುವವನನ್ನು ಕರೆಸಿದರು. ಸರ್ಪಸುತ್ತಿನ ಮೇಲೆ ಕೆಮ್ಮಣ್ಣಿನಿಂದ ಹಾವಿನ ಚಿತ್ರ ಬರೆದರೆ ಬೇನೆ ಇಳಿಯುತ್ತದೆ ಅನ್ನುವುದು ಈ ಕಡೆಯ ಪದ್ಧತಿ. ಅವನು ಬೈಕಿನಲ್ಲಿ ಬಂದ, ಬಲು ಗಡಿಬಿಡಿಯಲ್ಲಿದ್ದ, ಅವತ್ತೇ ಇನ್ನೊಂದೂರಲ್ಲಿ ಇನ್ನೊಂದು ಸೊಂಟ ಕಾಯುತ್ತಿತ್ತು. ಎಡಗಡೆಯ ಗುಳ್ಳೆಗಳ ಮೇಲೆ ಒಂದು ಹಾವು ಬರೆದ. ಅದು ಮುಂದೆ ಹೋಗದಂತೆ ತಡೆಯಲು ಬಲಗಡೆ ಎದುರಾಬದುರಾ ಇನ್ನೊಂದು ಹಾವು ಬರೆದ. ಇದು ಅವನದೇ ಹೊಸ ಪದ್ಧತಿಯೆಂದು ಆಮೇಲೆ ತಿಳಿಯಿತು. "ಭಯಂ ಲೇದು" ಅಂತ ತೆಲುಗಿನಲ್ಲಿ ಧೈರ್ಯ ಹೇಳಿ, ಕಾಯಿಸಿದ ಹಾಲು ಕುಡಿದು, ಹೊರಟುಹೋದ. ಎರಡನೇ ಹಾವು ಯಾಕೆ ಅನ್ನುವುದನ್ನು ಯಾರಿಗೂ ಹೇಳಿ ಹೋಗಲಿಲ್ಲ.

ದೊಡ್ಡವ್ವ ಹಿತ್ತಲಿನಿಂದ ಬಂದು ಅಂಗಿ ಎತ್ತಿ ನೋಡಿದಳು. ಸೊಂಟದ ಸುತ್ತ ಕೆಂಪು ಉಂಗುರ. ಎಲ್ಲೂ ಖಾಲಿ ಜಾಗವಿಲ್ಲ.

ನನಗೆ ಫೋನು ಬಂತು. ಮಾವನ ಮಗ ಅಳುತ್ತಿದ್ದ. "ಭಾವಾ, ಕೂಡೇತಿ. ಜಲ್ದಿ ಬಾ."

ಕುರುಗೋಡು ದಾಟಿ ನಾನು ಊರು ಮುಟ್ಟುವಷ್ಟರಲ್ಲಿ ಪಡಸಾಲೆ ತುಂಬಿ ಅಂಗಳಕ್ಕೆ ಬಂದಿತ್ತು. ಯಾರೋ ಶಾಮಿಯಾನದವನಿಗೆ ಹೇಳಿಯೂ ಆಗಿತ್ತು. ಮಾವ ಉತ್ತರಕ್ಕೆ ತಲೆ ಮಾಡಿ ಮಲಗಿದ್ದ. ಸಾಯುವುದಕ್ಕೆ ಅವನೂ ಒಪ್ಪಿಕೊಂಡ ಹಾಗಿತ್ತು. ನನ್ನ ಕೈ ಹಿಡಿದು ಮೆಲ್ಲಗೆ ಅಂದ: "ಅಳಿಯಾ, ಒಂದ ಆಸೆ ಐತಿ. ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನಬೇಕು. ಇಷ್ಟು ದಿನ ಉಪ್ಪಿಲ್ಲದ ಗಂಜಿ ಕುಡಿದು ಸಾಕಾಗೇತಿ."

ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿದಳು: "ಏನ್ ಮಾತಂತ ಆಡ್ತೀಯೋ? ಸಾಯೋ ಹೊತ್ನ್ಯಾಗ ಪಥ್ಯ ಕೆಡಸ್ಕೋತಾರೇನು?"

ಕೈಗುಣ

ನಾನು ಒಂದು ಟವೆಲ್ ನೀರಿಗದ್ದಿ ಹಿಂಡಿಕೊಂಡು ಬಂದೆ. ನೀರು ಮುಟ್ಟಿಸಬಾರದು ಅಂತ ನಾಲ್ಕು ಜನ ಅಡ್ಡ ಬಂದರು. ಸತ್ತೇ ಹೋಗುವವನಿಗೆ ನೀರು ಏನು ಮಾಡೀತು ಅಂದೆ. ಆ ಮಾತು ಅವರಿಗೆ ಸರಿ ಅನ್ನಿಸಿತು. ಬಲಮಗ್ಗುಲು ಒರೆಸಿದೆ. ಹಾವು ಟವೆಲಿಗೆ ಬಂತು. ಕೆಳಗೆ ಮಾವನ ಚರ್ಮ ಹುಟ್ಟಿದಾಗ ಇದ್ದಷ್ಟೇ ನುಣ್ಣಗಿತ್ತು.

ಇನ್ನಾದರೂ ಅರ್ಥವಾದೀತು ಅಂದುಕೊಂಡೆ. ಸಿರುಗುಪ್ಪದ ಚಿಕ್ಕಮ್ಮ ಕೈಮುಗಿದರು. "ಯವ್ವಾ, ಹಾವು ಹಿಂದಕ್ಕ ಸರೀತು! ಏನ್ ಕೈಗುಣ ಐತ್ರೀ ಮೇಷ್ಟ್ರದು!"

ಮಾವ ಎದ್ದು ಕೂತ. ಶಾಮಿಯಾನದವನಿಗೆ ಬೇಡ ಅಂತ ಫೋನು ಹೋಯಿತು. ಒಬ್ಬ ತನ್ನ ಅಂಡವಾಯು ತೋರಿಸಲು ಸಾಲಿನಲ್ಲಿ ನಿಂತ.

ಬೆರಳು ನೋಡಿದೆ. ಕಪ್ಪು ಬುಡದವರೆಗೆ ಇಳಿದಿತ್ತು, ಪಾದದ ಮೇಲೆ ಕೆಂಪಗೆ ಗೀರು ಹತ್ತುತ್ತಿತ್ತು. ಸಕ್ಕರೆ, ಕೀವು, ರಕ್ತನಾಳ ಅಂತ ಮತ್ತೆ ಶುರು ಮಾಡಿದೆ. "ಹೂಂ, ಹೂಂ, ಬರೋ ವಾರದ ಹಬ್ಬ ಮುಗೀಲಿ" ಅಂದರು. ವಿಶ್ವವಿದ್ಯಾಲಯ ನನಗೆ ಕೊಟ್ಟ ವಿದ್ಯೆಯೆಲ್ಲ ಅಲ್ಲಿಗೆ ತೀರಿತ್ತು. ಟವೆಲ್ ಕೆಳಗಿಟ್ಟು, ದನಿ ತಗ್ಗಿಸಿ ಹೇಳಿದೆ:

"ಹಾವು ಹೋಗಿಲ್ಲ. ಸೊಂಟದಿಂದ ಇಳದು ಹೆಬ್ಬೆರಳಿನ್ಯಾಗ ಕುಂತೈತಿ. ಹೊತ್ತು ಮುಳುಗೋದರಾಗ ಬೆರಳು ತಗಸಬೇಕು."

ಬೊಲೆರೋ ಬಂದು ಬಾಗಿಲಲ್ಲಿ ನಿಂತಾಗ ನಾನಿನ್ನೂ ಚಪ್ಪಲಿ ಹುಡುಕುತ್ತಿದ್ದೆ.

ಯಾವನ್ರೀ ಅವನು?

ಬಳ್ಳಾರಿಯಲ್ಲಿ ಬೆರಳು ತೆಗೆದರು. ಪಾದ ಉಳಿಯಿತು. ಇನ್ನೊಂದು ದಿನ ಬಿಟ್ಟಿದ್ದರೆ ಮೊಣಕಾಲಿನ ಕೆಳಗೆ ಏನೂ ಇರುತ್ತಿರಲಿಲ್ಲ, ಒಂದು ವಾರ ಮೊದಲು ತಂದಿದ್ದರೆ ಬೆರಳೂ ಇರುತ್ತಿತ್ತು ಎಂದು ಸರ್ಜನ್ ಹೇಳಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ನೀವು ಓದಿದವರ ಹಾಗೆ ಕಾಣ್ತೀರಿ, ಅದಕ್ಕೆ ಕೇಳ್ತೀನಿ. ಬೆರಳಲ್ಲಿ ಹಾವಿದೆ ಅಂತ ಯಾವನೋ ಇವರಿಗೆ ಹೇಳಿದ್ದಾನಂತೆ. ಯಾವನ್ರೀ ಅವನು ಅಯೋಗ್ಯ?"

"ಹಳ್ಳಿ ಕಡೆ ಯಾರೋ ಇರಬೇಕು ಸರ್," ಅಂದೆ.

ಬಳಗವೆಲ್ಲ ಆಸ್ಪತ್ರೆಗೆ ಬಂತು. ಮೊದಲು ಬ್ರೂಸ್‌ಪೇಟೆಗೆ ಹೋಗಿ, ಸೀರೆ, ಸ್ಟೀಲ್ ಡಬ್ಬಿ, ಮದುವೆಯ ಸಾಮಾನು ಕೊಂಡು, ಗಂಟುಗಳನ್ನೆಲ್ಲ ಮಾವನ ಮಂಚದ ಕೆಳಗೆ ತುರುಕಿ, ಆಮೇಲೆ ಬೇನೆ ಕೇಳಿದರು. ಈಗ ಅಂಗಿ ಎತ್ತು ಅನ್ನುವವರಿಲ್ಲ. "ಪಟ್ಟಿ ಬಿಚ್ಚಪಾ" ಅನ್ನುತ್ತಿದ್ದರು. ರಾರಾವಿಯವನೂ ಬಂದಿದ್ದ. ಎದುರು ಹಾವು ಬರೆಯದೆ ಹೋಗಿದ್ದರೆ ಮೊದಲ ಹಾವು ಕೆಳಗೆ ಇಳಿಯುತ್ತಲೇ ಇರಲಿಲ್ಲ ಅನ್ನುವುದು ಅವನ ವಾದ. ನನ್ನನ್ನು ನೋಡಿ, ಕಸುಬಿನವನೊಬ್ಬ ಇನ್ನೊಬ್ಬ ಕಸುಬಿನವನಿಗೆ ಹಾಕುವಂಥ ನಮಸ್ಕಾರ ಹಾಕಿದ.

ಬೆರಳಿನ ಮಣ್ಣು

ದೊಡ್ಡವ್ವ ಬೆರಳನ್ನು ಆಸ್ಪತ್ರೆಯಲ್ಲಿ ಬಿಡಲು ಒಪ್ಪಲಿಲ್ಲ. "ನಮ್ಮ ಮನೀದದು. ಅದರಾಗ ಹಾವು ಬ್ಯಾರೆ ಐತಿ. ಕಸದಾಗ ಒಗೀತಾರಂದ್ರ ಏನು?" ಬೇಡಿ, ಜಗಳಾಡಿ, ಡಬ್ಬಿಯಲ್ಲಿ ಇಸಕೊಂಡಳು. ನಮ್ಮಲ್ಲಿ ಹೂಳುವ ಪದ್ಧತಿ. ಮಾವ ಮನೆಗೆ ಬಂದ ದಿನವೇ ಬೆರಳಿನ ಮಣ್ಣು ಅಂತ ನಿಗದಿಯಾಯಿತು. ಜಾಗದ ಬಗ್ಗೆ ಚರ್ಚೆ ಬರಲಿಲ್ಲ, ಅತ್ತೆಯ ಗೋರಿಯ ಪಕ್ಕ ಮಾವನಿಗೆ ಅಂತಲೇ ಬಿಟ್ಟ ಜಾಗವಿತ್ತು. ಸೂತಕ ಬರುತ್ತದೋ ಇಲ್ಲವೋ ಅನ್ನುವುದಕ್ಕೆ ಮಾತ್ರ ಬಹಳ ಹೊತ್ತು ಹಿಡಿಯಿತು. ಕೊನೆಗೆ, ಸ್ನಾನ ಸಾಕು, ತಲೆ ಬೋಳಿಸುವುದು ಬೇಡ ಅಂತ ತೀರ್ಮಾನವಾಯಿತು.

ಮಾವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಒಂದು ಕಾಲಿಗೆ ಪಟ್ಟಿ, ಇನ್ನೊಂದಕ್ಕೆ ನಾನು ಬಳ್ಳಾರಿಯಿಂದ ತಂದಿದ್ದ ಮೆತ್ತನೆ ಚಪ್ಪಲಿ. ಬರಿಗಾಲಲ್ಲಿ ನೆಲ ಮೆಟ್ಟಬೇಡ, ಇನ್ನೊಂದು ಮುಳ್ಳು ಹೊಕ್ಕರೆ ಕಾಲೇ ಹೋಗುತ್ತದೆ ಎಂದು ಸರ್ಜನ್ ಮೂರು ಸಲ ಹೇಳಿ ಕಳಿಸಿದ್ದರು. ಗುಂಡಿ ಅಗೆದರು. ಡಬ್ಬಿ ಇಟ್ಟರು. ಹಾವಿಗೆ ಅಂತ ಹಾಲು ಹೊಯ್ದರು. ಸಿರುಗುಪ್ಪದ ಚಿಕ್ಕಮ್ಮ ಹಾಡಿಕೊಂಡು ಅತ್ತರು. ಹೊಲಕ್ಕೆ ಹೊರಟಿದ್ದ ಯಾರೋ ದಾರಿಯಲ್ಲಿ ನಿಂತು ಕೂಗಿದ: "ಯಾರು ಹೋದ್ರಲೇ?"

"ನಾನೋ," ಮಾವ ಕುರ್ಚಿಯಿಂದಲೇ ಕೂಗಿದ. "ಸ್ವಲ್ಪ ಹೋಗೀನಿ. ಉಳದದ್ದು ಆಮ್ಯಾಲ ಬರ್ತೈತಿ."

ಅತ್ತೆಯ ಗೋರಿಯ ಕಡೆ ನೋಡಿ ನನಗೆ ಅಂದ: "ಬಸ್ಸಿನ ಕಿಟಕ್ಯಾಗ ಟವೆಲ್ ಒಗದಂಗ ಆತು ನೋಡಳಿಯಾ. ಸೀಟು ಪಕ್ಕಾ."

ನಾನೂ ನಕ್ಕೆ. ಅಷ್ಟರಲ್ಲಿ ಮಾವನಿಗೆ ಒಂದು ಹಿಡಿ ಮಣ್ಣು ಹಾಕಬೇಕು ಅನ್ನಿಸಿತು. ಇಬ್ಬರು ರಟ್ಟೆ ಹಿಡಿದು ಎಬ್ಬಿಸಿದರು. ದೊಡ್ಡವ್ವನ ಕಣ್ಣು ಚಪ್ಪಲಿಗೆ ಬಿತ್ತು.

"ಮಣ್ಣು ಕೊಡೋ ಮುಂದ ಮೆಟ್ಟು ಹಾಕ್ಕೋತಾರೇನೋ? ಬಿಡು ಅದನ್ನ."

"ಬ್ಯಾಡ ದೊಡ್ಡವ್ವ," ಅಂದೆ. ಸುತ್ತ ಜಾಲಿಮುಳ್ಳು ಬಿದ್ದಿತ್ತು. "ಒಂದು ಮುಳ್ಳು ಚುಚ್ಚಿದ್ದಕ್ಕ ಇಷ್ಟೆಲ್ಲ ಆಗೈತಿ."

ದೊಡ್ಡವ್ವ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು.

"ಮುಳ್ಳು ಎಲ್ಲೀದು ತಮ್ಮಾ? ಹಾವು ಅಂತ ನೀನ ಹೇಳಿದ್ಯಲ್ಲ."

ನೆರೆದವರೆಲ್ಲ ಹೌದು ಹೌದು ಅಂದರು. ಮಾವ ಚಪ್ಪಲಿ ಬಿಟ್ಟು, ಬರಿಗಾಲು ನೆಲಕ್ಕಿಟ್ಟ.