ಮಬೇಲಾದಲ್ಲೊಂದು ಹಿಮಪರ್ವತ

ಒಮಾನಿನಲ್ಲಿ ಹಿಮಪರ್ವತ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಧೈರ್ಯವಾಗಿ ಹೇಳುತ್ತೇನೆ: ಅಲ್ ಮಬೇಲಾದಲ್ಲಿ, ನಮ್ಮ ಕಾಕಾನ ಅಡುಗೆಮನೆಯಲ್ಲಿ! ಹೊರಗೆ ಬಿಟ್ಟ ಚಪ್ಪಲಿಯ ಅಟ್ಟೆ ಮೆತ್ತಗಾಗುವಂಥ ಬಿಸಿಲಿನ ಊರಿದು. ಇಲ್ಲಿ ಕಾಕಾನ ಫ್ರೀಜರಿನ ಬಾಗಿಲು ಮಾತ್ರ ಮಂಜಿನಿಂದಾಗಿ ಮುಚ್ಚುವುದೇ ಇಲ್ಲ. ಅದಕ್ಕೊಂದು ಕುರ್ಚಿ ಆನಿಸಿ, ಕುರ್ಚಿಯ ಮೇಲೆ ಅಕ್ಕಿ ಚೀಲ ಕೂರಿಸಿದ್ದಾರೆ. ಇಷ್ಟಕ್ಕೂ ಅವರ ಕೆಲಸವೇನು ಗೊತ್ತೇ? ಎ.ಸಿ., ಫ್ರಿಜ್ಜು ರಿಪೇರಿ ಕಂಪನಿಯಲ್ಲಿ ಸೂಪರ್‌ವೈಸರ್.

ದೂರದ ದೇಶಗಳ ಬೆಟ್ಟದಲ್ಲಿ ಹಿಮ ಕರಗಿ ಹಳೆಯ ಬಾಣ, ಚರ್ಮದ ಬೂಟು, ಯಾರೋ ಕಳೆದುಕೊಂಡ ಕೈಚೀಲ ಹೊರಬಂತು ಎಂಬ ಸುದ್ದಿ ಎಂದರೆ ಅವರಿಗೆ ಪ್ರಾಣ. ಬೇರೆಯವರ ಕಾಕಂದಿರು ಬೆಳಿಗ್ಗೆ ಮನೆಯ ಗ್ರೂಪಿಗೆ ಗುಲಾಬಿ ಹೂವು ಕಳಿಸಿದರೆ ನಮ್ಮವರು ಹರಿದ ಬೂಟು ಕಳಿಸುತ್ತಾರೆ.

"ನೋಡವಾ, ಮಂಜು ಏನೂ ಕೆಡಸಂಗಿಲ್ಲ. ಇಟ್ಟದ್ದು ಇಟ್ಟಂಗ ಇರತದ."

"ಹಂಗಂತ ನಿಮ್ಮ ಫ್ರೀಜರ್ ಯಾಕ ಬೆಟ್ಟ ಆಗಬೇಕು ಕಾಕಾ?"

"ಹೆಪ್ಪುಗಟ್ಟತದ ಅಂತ ಯಾಕಂತಾರ ಹೇಳು? ಹೆಪ್ಪು ಇದ್ದಲ್ಲೇ ಗಟ್ಟಿ ಆಗೋದು."

ಇದು ಅವರ ಭಾಷಾಶಾಸ್ತ್ರ. ನನ್ನ ಮಗಳು, "ಅಜ್ಜಾ, ಜಸ್ಟ್ ಡಿಫ್ರಾಸ್ಟ್ ಇಟ್" ಎಂದಳು. "ನಿಮ್ಮ ಸಾಲ್ಯಾಗ ಇತಿಹಾಸ ಕಲಸಂಗಿಲ್ಲೇನು?" ಎಂದು ಅವಳನ್ನೇ ಗದರಿದರು.

ಹೆಪ್ಪಿನ ವಿಷಯಕ್ಕೆ ಬಂದರೆ ಕಾಕಾ ಇನ್ನೂ ವಿಚಿತ್ರ. ದೀಪ ಹಚ್ಚಿದ ಮೇಲೆ ಮನೆಯಿಂದ ಹೆಪ್ಪು ಹೊರಗೆ ಕೊಡಬಾರದು ಎಂಬುದು ಅವರ ಹೆಂಡತಿ, ನಮ್ಮ ಕಾಕೂನ ಕಟ್ಟಳೆ. ಒಂದು ಮಧ್ಯಾಹ್ನ ಎದುರು ಮನೆಯ ಉಡುಪಿಯ ಅಕ್ಕ ಬಟ್ಟಲು ಹಿಡಿದು ಬಂದರು. "ಅಂಕಲ್, ಕಾಕೂ ಇಟ್ಟ ಹೆಪ್ಪು ಸ್ವಲ್ಪ ಉಂಟಾ? ಅಂಗಡಿ ಮೊಸರಿನದ್ದು ಸರಿಯಾಗುದಿಲ್ಲ ಮಾರಾಯ್ರೆ." ಕಾಕಾ ನೆಟ್ಟಗೆ ದೇವರ ಮುಂದೆ ಹೋಗಿ ಆ ಉರಿಬಿಸಿಲಿನಲ್ಲೇ ದೀಪ ಹಚ್ಚಿ ಬಂದರು. "ದೀಪ ಹಚ್ಚೇದವಾ. ಈಗ ಕೊಡಾಕ ಬರಂಗಿಲ್ಲ." ಪಾಪ, ಅಕ್ಕ ನಗುವುದೋ ಅಳುವುದೋ ತಿಳಿಯದೆ ಬಟ್ಟಲು ವಾಪಸ್ ಒಯ್ದರು.

ಕಾಕೂ ಪ್ರತಿ ಬೇಸಿಗೆ ಬಾಗಲಕೋಟೆಗೆ ಹೋಗುವಾಗ ಒಂದು ಸ್ಟೀಲ್ ಬಟ್ಟಲಿನಲ್ಲಿ ಹೆಪ್ಪು ಹಾಕಿ, ಮುಚ್ಚಳ ಬಿಗಿದು, ಫ್ರೀಜರಿನ ತಳಕ್ಕೆ ಸೇರಿಸಿ ಹೋಗುತ್ತಿದ್ದರು. ತಿರುಗಿ ಬಂದವರೇ ಉಗುರುಬೆಚ್ಚಗಿನ ಹಾಲೆರೆದು ಅದನ್ನು ಎಬ್ಬಿಸುತ್ತಿದ್ದರು. ಹೋದ ವರ್ಷ ಹೋದವರು ತಿರುಗಿ ಬರಲಿಲ್ಲ. ಊರಲ್ಲೇ ತೀರಿಕೊಂಡರು. ಅಂದಿನಿಂದ ಆ ಬಟ್ಟಲನ್ನು ಕಾಕಾ ಮುಟ್ಟಿಲ್ಲ, ಬೇರೆಯವರಿಗೂ ಮುಟ್ಟಗೊಟ್ಟಿಲ್ಲ. ಅದರ ಮೇಲೆ ಮಂಜು ಬೆಳೆಯಿತು.

ಈ ಜೂನಿನಲ್ಲಿ ಕಂಪ್ರೆಸರ್ ಖಲಾಸ್! ಊರಿನವರ ಫ್ರಿಜ್ಜನ್ನೆಲ್ಲ ರಿಪೇರಿ ಮಾಡಿಸುವ ಕಾಕಾ ತಮ್ಮದರ ಮುಂದೆ ಸುಮ್ಮನೆ ನಿಂತಿದ್ದರು. ನಾನು ಹೋಗುವಷ್ಟರಲ್ಲಿ ಅಡುಗೆಮನೆ ತುಂಬ ನೀರು. ಮೊದಲು ಹೊರಬಿದ್ದದ್ದು ರಂಜಾನಿಗೆ ಕಫೀಲ್, ಅಂದರೆ ಕಂಪನಿಯ ಒಮಾನಿ ಮಾಲೀಕ, ಕೊಟ್ಟ ಖರ್ಜೂರ. ಆಮೇಲೆ ಹಸಿ ಕಡಲೆ, ಕಲ್ಲಾಗಿ ಹೋದ ಶೇಂಗಾ ಹೋಳಿಗೆ. ಕೊನೆಗೆ ಬಟ್ಟಲು. ಒಳಗಿನದು ಆಗಲೇ ಕರಗಿ ನೀರು ನೀರಾಗಿತ್ತು.

"ಜೀವ ಇದ್ದೀತೇನವಾ?" ಎಂದರು. ಬೂಟು ಬಾಣಗಳ ಬಗ್ಗೆ ಅಷ್ಟೆಲ್ಲ ತಿಳಿದವರು ನನ್ನನ್ನು ಕೇಳುತ್ತಿದ್ದರು. ನನಗೆ ಅಳು ಬಂತು.

"ಹಾಲು ಬೆಚ್ಚಗ ಮಾಡತೀನಿ, ಇರ್ರಿ."

"ಬೆರಳು ಅದ್ದಿ ನೋಡು. ಸುಡಬಾರದು."

ಪಾತ್ರೆಗೆ ಹೆಪ್ಪು ಹಾಕಿ ಮುಚ್ಚಿಟ್ಟೆವು. ಕಾಕಾ ಎದ್ದು ಮನೆಯ ಎ.ಸಿ. ಎಲ್ಲ ಬಂದ್ ಮಾಡಿದರು, ತಂಪಿಗೆ ಹಾಲು ಹೆಪ್ಪಾಗಲಿಕ್ಕಿಲ್ಲವೆಂದು! ಆ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಪಾತ್ರೆಯ ಮುಂದೆ ಕೂತೆವು. ಸಂಜೆಯಾಯಿತು. ಕಾಕಾ ದೀಪ ಹಚ್ಚಿ ಬಂದರು. ಮುಚ್ಚಳ ತೆಗೆಯಲು ಅವರಿಗೆ ಧೈರ್ಯವಿರಲಿಲ್ಲ. ನಾನೇ ತೆಗೆದು ಪಾತ್ರೆಯನ್ನು ಮೆಲ್ಲಗೆ ವಾಲಿಸಿದೆ. ಮೊಸರು ಅಲುಗಲಿಲ್ಲ.

ಅವರು ಒಂದು ಚಮಚ ಬಾಯಿಗಿಟ್ಟುಕೊಂಡು ಬಹಳ ಹೊತ್ತು ನುಂಗಲಿಲ್ಲ.

"ಹುಳಿ," ಎಂದರು. "ಆಕೀ ಮೊಸರು ಯಾವಾಗ್ಲೂ ಹುಳೀನ. ದಿನಾ ಜಗಳಾಡ್ತಿದ್ದೆ."

ಆಮೇಲೆ ಬಟ್ಟಲಿಗೆ ಒಂದಿಷ್ಟು ಮೊಸರು ತೆಗೆದುಕೊಂಡು ಹೊರಟರು. ನಾನು ಬೆನ್ನ ಹಿಂದೆಯೇ ಹೋದೆ. "ಕಾಕಾ, ದೀಪ ಹಚ್ಚೇದಲ್ಲ?"

"ಹಚ್ಚೇದ. ಇದು ಒಂದ ಮನ್ಯಾಗ ಇದ್ದು, ಆ ಮನೀ ಫ್ರಿಜ್ಜ ಕೆಟ್ಟರ ಏನ್ ಮಾಡೋದು?"

ಎದುರು ಮನೆಯ ಅಕ್ಕ ಬಾಗಿಲು ತೆರೆದು ಬಟ್ಟಲು ನೋಡಿದರು. "ಕಾಕೂನ ಹೆಪ್ಪಾ?" ಎಂದು ಎರಡೂ ಕೈಯಲ್ಲಿ ಇಸಿದುಕೊಂಡರು.

ಕಾಕಾ ತಲೆಯಾಡಿಸಿದರು. ಆಮೇಲೆ ಹೇಳಿದರು, "ನಮ್ಮಲ್ಲಿ ಕೆಟ್ಟರ ನಿಮ್ಮಲ್ಲಿ ಕೇಳಾಕ ಬರತೀನವಾ. ಆವಾಗ ನೀವು ದೀಪ ಹಚ್ಚಬ್ಯಾಡ್ರಿ ಮತ್ತ."