ಕುರುಪರ ಎಲೆಗೆ ಬಂದ ಕಷಾಯ

ದಾಮೋದರ ಕುರುಪರಿಗೆ ಉಬ್ಬಸಕ್ಕಿಂತ ಅದರ ಪಥ್ಯವೇ ಹೆಚ್ಚು ಉಸಿರು ಕಟ್ಟಿಸಿತ್ತು. ಮೊಸರಿಲ್ಲ, ಬಾಳೆಹಣ್ಣಿಲ್ಲ, ತಣ್ಣೀರಿಲ್ಲ, ಹಗಲು ನಿದ್ದೆಯಿಲ್ಲ. ಇದ್ದದ್ದು ಹೆಂಡತಿ ಭವಾನಿಯಮ್ಮ ಎರಡು ಹೊತ್ತೂ ಕಾಯಿಸಿಕೊಡುವ ಆಡುಸೋಗೆ ಕಷಾಯ. (ಹಿತ್ತಲಿನ ಬೇಲಿಯನ್ನೇ ಬೇಯಿಸಿ ಸೋಸಿದರೆ ಹೇಗಿರುತ್ತದೋ ಹಾಗೆ.) ಅದನ್ನು ಕುಡಿದ ಮೇಲೆ ಮುಕ್ಕಾಲು ಗಂಟೆ ಬಾಯಿಗೆ ಏನೂ ಹಾಕುವಂತಿಲ್ಲ.

ಇಷ್ಟೆಲ್ಲ ಸಹಿಸಿದ್ದು ದೋಣಿಗಾಗಿ. ಪಂಪಾ ನದಿಯಲ್ಲಿ ಅವರ ಊರಿನ ಹಾವುದೋಣಿ ಹೊರಟರೆ, ಮೂವತ್ತು ವರ್ಷ ಹಾಡು ಹೇಳಿಕೊಟ್ಟವರು ಕುರುಪರೇ. ಮೂರು ವರ್ಷದ ಹಿಂದೆ ಹಾಡಿನ ಸಾಲಿನ ನಡುವೆ ಉಸಿರು ಸಿಕ್ಕಿಕೊಂಡು, ಹುಟ್ಟುಗಳ ತಾಳ ತಪ್ಪಿ, ದೋಣಿ ಜೊಂಡಿಗೆ ನುಗ್ಗಿತು. ಅಂದಿನಿಂದ ಕುರುಪರಿಗೆ ದಡವೇ ಗತಿ. ನಾಲ್ಕು ಸಾಲು ಒಂದೇ ಉಸಿರಿಗೆ ಹಾಡಿದರೆ ಮಾತ್ರ ಈ ವರ್ಷ ಹತ್ತಿಸುತ್ತೇವೆ ಎಂದಿದ್ದರು ಊರ ಹಿರಿಯರು.

ಡಾಕ್ಟರು ಕೊಟ್ಟ, ಬಾಯಿಗಿಟ್ಟು ಉಸಿರೆಳೆಯುವ ಪಂಪು ಜೇಬಿನಲ್ಲೇ ಇರಲಿ, ಜೊತೆಗೆ ನಲವತ್ತೊಂದು ದಿನ ಪಥ್ಯ ಮಾಡಿ ಎಂದರು ಶಂಕು ವೈದ್ಯರು.

"ಕಫ ಅನ್ನೋದು ಕರೆದರೆ ಬರೋ ನೆಂಟ ಕುರುಪರೇ. ನೀವು ಕರೀಬೇಡಿ."

ಕುರುಪರು ಹನ್ನೊಂದನೆಯ ದಿನವೇ ಕರೆಯಲು ಹೋಗಿ, ಮೊಸರಿನ ಗಡಿಗೆಯೊಳಗೆ ಕೈಯಿಟ್ಟಾಗಲೇ ಸಿಕ್ಕಿಬಿದ್ದರು. ಅಂದಿನಿಂದ ಅಡುಗೆಮನೆಯ ಬೀಗದ ಕೈ ಭವಾನಿಯಮ್ಮನ ಸೆರಗಿಗೆ ಬಂತು. ಮೂರು ವರ್ಷ ಆ ಎದೆಯ ಸೀಟಿ ಕೇಳಿ ಕೇಳಿ ಹೆದರಿದವಳು ಅವಳು. ಗಂಡನ ಮುನಿಸಿಗೆಲ್ಲ ಬಗ್ಗುವವಳಲ್ಲ.

ನಲವತ್ತೆರಡನೆಯ ದಿನ ಹಿರಿಯರ ಮುಂದೆ ಕುರುಪರು ಒಂದೇ ಉಸಿರಿಗೆ ನಾಲ್ಕು ಸಾಲು ಹಾಡಿದರು. ಹೊಟ್ಟೆಕಿಚ್ಚಿನವರಿಗಿರಲಿ ಎಂದು ಐದನೆಯದನ್ನೂ ಹಾಡಿದರು. ವೈದ್ಯರು ಸಂತೋಷಪಟ್ಟು, ಇನ್ನೂ ನಲವತ್ತೊಂದು ದಿನ ಮುಂದುವರಿಸಿ ಎಂದುಬಿಟ್ಟರು.

ಆದರೆ ಕುರುಪರ ಬಳಿ ಬ್ರಹ್ಮಾಸ್ತ್ರವೊಂದಿತ್ತು. ಆರನ್ಮುಳ ದೇವಸ್ಥಾನದಲ್ಲಿ ಹರಕೆ ಹೊತ್ತವರು ಹಾಕಿಸುವ ದೋಣಿಯೂಟದಲ್ಲಿ ದೋಣಿಯವರು ಹಾಡಿ ಕೇಳಿದ್ದನ್ನು ಬಡಿಸಲೇಬೇಕು. ಎಲೆಯ ಮುಂದೆ ಕೂತವನು ಸಾಕ್ಷಾತ್ ದೇವರು. ಇಲ್ಲ ಎಂದರೆ ಊಟ ಹಾಕಿಸಿದವರ ಪುಣ್ಯವೇ ಹೋಯಿತು. ಈ ಸಲ ಊಟ ಹಾಕಿಸಿದವಳು ಭವಾನಿಯಮ್ಮನ ಚಿಕ್ಕಪ್ಪನ ಮಗಳು. ಬಡಿಸಲು ಭವಾನಿಯಮ್ಮನೇ ನಿಂತಿದ್ದಳು.

ಕುರುಪರು ಎಲೆಗೆ ಕೂತು ಕೈಯೆತ್ತಿ ಹಾಡಿದರು.

"ಗಟ್ಟಿ ಮೊಸರು ಗಡಿಗೆ ತುಂಬ ತನ್ನಿ, ಹಾಲುಪಾಯಸದ ಜೊತೆ ಹಣ್ಣೂ ತನ್ನಿ."

ಸಾಲಿಗೆ ಸಾಲೇ ದನಿಗೂಡಿಸಿತು. ಭವಾನಿಯಮ್ಮ ತುಟಿ ಕಚ್ಚಿ, ಗಂಡನ ಎಲೆಗೆ ತಾನೇ ಮೊಸರು ಬಡಿಸಿದಳು. ದಂಡೆತ್ತಿ ಗೆದ್ದ ರಾಜನಂತೆ ಕುರುಪರು ಅವಳತ್ತ ನೋಡಿ ಮೊಸರಿಗೆ ಬೆರಳಿಟ್ಟರು.

ಅಷ್ಟರಲ್ಲಿ ಎದುರು ಸಾಲಿನಲ್ಲಿ ಅವರ ತಂಗಿಯ ಮಗ, ದೋಣಿಯ ಚುಕ್ಕಾಣಿ ಹಿಡಿಯುವ ಪ್ರಭಾಕರ, ಎದ್ದು ನಿಂತ.

"ಆಡುಸೋಗೆ ಕಷಾಯ ಬಿಸಿಬಿಸಿ ತನ್ನಿ, ಮಾವನ ಎಲೆಗೇ ಮೊದಲು ತನ್ನಿ."

ಎಲ್ಲರೂ ಎರಡೆರಡು ಸಲ ಹಾಡಿದರು. ಕಂಬದ ಮರೆಯಿಂದ ಭವಾನಿಯಮ್ಮ ಫ್ಲಾಸ್ಕ್ ತಂದಳು. ಹಾಡು ಕಟ್ಟಿದವರು ಯಾರೆಂದು ಕುರುಪರಿಗೆ ಆಗಲೇ ತಿಳಿದದ್ದು. ಅವಳೂ ದೋಣಿಹಾಡಿನ ಮನೆಯ ಮಗಳೇ.

"ಇದನ್ನ ನಾನು ಕೇಳಿಲ್ಲ ಕಣೇ."

"ದೇವರು ಕೇಳಿದ್ದಾರೆ. ಬೇಡ ಅಂತೀರಾ?"

ಬೇಡ ಎನ್ನುವಂತಿರಲಿಲ್ಲ. ಕುರುಪರು ಕುಡಿದರು. ಮುಕ್ಕಾಲು ಗಂಟೆ ಮೊಸರನ್ನು ನೋಡುತ್ತ ಕೂತರು. ಅಷ್ಟರಲ್ಲಿ ಪಂಕ್ತಿ ಎದ್ದು, ಎಲೆ ಮಡಚಿಯಾಗಿತ್ತು.

"ಅಷ್ಟುದ್ದ ಉಸಿರೆಳೆದು ಮೊಸರು ಕೇಳಿದ್ರಲ್ಲ, ಆ ಉಸಿರು ಕೊಟ್ಟಿದ್ದು ಯಾವುದು?" ಎಂದಳು ಭವಾನಿಯಮ್ಮ. ಅವಳ ಕಣ್ಣು ಒದ್ದೆಯಾಗಿತ್ತು. ಕುರುಪರು ದೋಣಿ ಹತ್ತಿದರು.

ನಡುನೀರಿಗೆ ಬರುತ್ತಲೇ ಹುಟ್ಟು ಹಾಕುವವರು ಹಾಡು ಕೇಳಿದರು. ಯಾವುದು ಬೇಕೆಂದರು ಕುರುಪರು. ಕಷಾಯದ್ದೇ ಆಗಲಿ ಎಂದು ಇಡೀ ದೋಣಿ ಒಕ್ಕೊರಲಿನಿಂದ ಹೇಳಿತು. ದಡದಲ್ಲಿ ಭವಾನಿಯಮ್ಮ ಕೈಕಟ್ಟಿ ನಿಂತಿದ್ದಳು. ಹಾಡದೆ ವಿಧಿಯಿರಲಿಲ್ಲ. ಹಾಡಿದರು, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ, ಒಂದೇ ಉಸಿರಿಗೆ.